ಬಸುರಿನ ಸುದ್ದಿಯನ್ನು ಯಾರಿಗೆ ಹೇಳತಕ್ಕದ್ದು?

ಹೆಂಗಸೊಬ್ಬಳು ತಾನು ಬಸುರಾದೆನೆಂದು ತಿಳಿದುಕೊಂಡ ಮೇಲೆ ಆ ಸುದ್ದಿಯನ್ನು ಯಾರಿಗೆ, ಎಷ್ಟು ದಿವಸಗಳಾದ ಮೇಲೆ ಹೇಳತಕ್ಕದ್ದು? ಹೇಳದೆ ಮುಚ್ಚಿಟ್ಟರೆ ತಪ್ಪುಂಟೋ? ಇದು ಅಡಿಗೆಯ ಮನೆಯ ಮಾತು, ಇದಕ್ಕೆ ಪತ್ರಿಕೆಯಲ್ಲಿ ಸ್ಥಳವೇಕೆ ಎಂದು ಕೆಲವರು ಕೇಳಾರು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಆ ಎಣಿಕೆಯನ್ನು ಬಿಡಿಸಿದವಳು ಬೆಂಗಳೂರಿನ ನಂದಿನಿ ಲೇಔಟಿನಲ್ಲಿ ವಾಸವಾಗಿರುವ ಒಬ್ಬ ಸಹೋದರಿ. ಅವಳ ಸಂಗತಿಯನ್ನು ಅವಳ ಅಪ್ಪಣೆಯಿಂದಲೇ, ಹೆಸರು ಹೇಳದೆ, ಇಲ್ಲಿ ಬರೆಯುತ್ತೇವೆ.

ನಂದಿನಿ ಲೇಔಟು ಆ ಪಟ್ಟಣದ ಪಡುವಣ ಭಾಗದಲ್ಲಿ, ಮಹಾಲಕ್ಷ್ಮಿ ಲೇಔಟಿಗೂ ಲಗ್ಗೆರೆಗೂ ಸಮೀಪವಾಗಿರುವ ಬಡಾವಣೆ. ಪೀಣ್ಯದ ಕಾರ್ಖಾನೆಗಳು ಅಲ್ಲಿಂದ ದೂರವಲ್ಲ. ನಮ್ಮ ಗ್ರಾಮಗಳಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅನೇಕರು ಆ ಸುತ್ತಿನಲ್ಲಿ ಬಾಡಿಗೆಯ ಕೋಣೆಗಳಲ್ಲಿದ್ದುಕೊಂಡು ಗಾರ್ಮೆಂಟ್ಸ್ ಎಂದು ಕರೆಯಲ್ಪಡುವ ಬಟ್ಟೆ ಹೊಲಿಯುವ ಕಾರ್ಖಾನೆಗಳಿಗೆ ಹೋಗುತ್ತಾರೆಂದು ವಾಚಕರು ಬಲ್ಲರು. ಈ ಸಹೋದರಿಯೂ ಹಾಗೆಯೇ ಹೋದವಳು. ಹಳ್ಳಿಯಲ್ಲಿದ್ದರೆ ಅವಳು ಏನನ್ನೂ ಹೇಳಬೇಕಾಗಿರಲಿಲ್ಲ. ನಲ್ಲಿಯ ಬಳಿಯಲ್ಲಿ ಒಂದು ಸಾರಿ ಓಕರಿಸಿದರೆ ಸಾಕು, ಸಂಜೆಯೊಳಗೆ ಊರಿಗೆಲ್ಲಾ ತಿಳಿಯುತ್ತಿತ್ತು. ಪಟ್ಟಣದಲ್ಲಿ ಹಾಗಲ್ಲ. ಒಂದೇ ಮೆಟ್ಟಲನ್ನು ಹತ್ತಿ ಇಳಿಯುವ ನಾಲ್ಕು ಮನೆಯವರು ಒಬ್ಬರ ಹೆಸರನ್ನೊಬ್ಬರು ಅರಿಯದೆ ವರುಷ ಕಳೆಯುತ್ತಾರೆ. ಅಲ್ಲಿ ಮುಚ್ಚಿಡುವದು ಬಹು ಸುಲಭ.

ಅವಳು ಮುಚ್ಚಿಟ್ಟಳು. ಔಷಧದ ಅಂಗಡಿಯಿಂದ ತಂದ ಪಟ್ಟಿಯಲ್ಲಿ ಎರಡು ಗೆರೆಗಳು ಕಾಣಿಸಿದ್ದು ಗಂಡನಿಗೆ ಮಾತ್ರ ಗೊತ್ತು. ತವರಿಗೆ ಹೇಳಲಿಲ್ಲ, ಯಾಕಂದರೆ ತಾಯಿಗೆ ಫೋನಿನಲ್ಲಿ ಹೇಳಿದ್ದು ಬೀದಿಗೇ ಕೇಳಿಸುತ್ತದೆ, ಮೂರು ತಿಂಗಳು ತುಂಬುವದಕ್ಕೆ ಮುಂಚೆ ಬಾಯಿ ಬಿಟ್ಟರೆ ಕಣ್ಣು ಬೀಳುತ್ತದೆ. ಎದುರು ಮನೆಯ ಅಕ್ಕನಿಗೂ ಅದೇ ಕಾರಣದಿಂದ ಹೇಳಲಿಲ್ಲ. ಕಾರ್ಖಾನೆಯಲ್ಲಿ ಹೇಳಲಿಲ್ಲ, ಯಾಕಂದರೆ ಬಸುರಿಯೆಂದು ಗೊತ್ತಾದರೆ ಏನಾದರೂ ನೆಪ ಮಾಡಿ ಕೆಲಸದಿಂದ ಬಿಡಿಸಿಯಾರೆಂದು ಜತೆಯವರು ಹೆದರಿಸಿದ್ದರು. ಹತ್ತನೆಯ ವಾರದಲ್ಲಿ ಗರ್ಭವು ಇಳಿದುಹೋಯಿತು. ಮೂರನೆಯ ದಿವಸ ಅವಳು ಪುನಃ ಮೆಷೀನಿನ ಮುಂದೆ ಕೂತಳು. ಎರಡು ದಿನ ಹೇಳದೆ ತಪ್ಪಿಸಿಕೊಂಡದ್ದಕ್ಕೆ ಬೈಗುಳವನ್ನೂ ಕೇಳಿದಳು. ಎದುರು ಮನೆಯ ಅಕ್ಕನು "ಏನಮ್ಮಾ, ಮುಖ ಬಾಡಿದೆಯಲ್ಲಾ" ಎಂದು ವಿಚಾರಿಸಿದಾಗ ಜ್ವರವೆಂದಳು. ಕೆಲವು ತಿಂಗಳುಗಳ ತರುವಾಯ ನಮ್ಮ ಮನೆಯವರ ಸಂಗಡ ಮಾತಾಡುತ್ತಾ ಅವಳು ಹೇಳಿದ್ದು ಇಷ್ಟೇ: "ಇತ್ತು ಎಂಬದೇ ಯಾರಿಗೂ ಗೊತ್ತಿಲ್ಲ, ಅಮ್ಮನವರೇ. ಹೋಯಿತೆಂದು ಯಾರ ಮುಂದೆ ಅಳಲಿ?"

ಈ ಮಾತನ್ನು ಕೇಳಿದ ಮೇಲೆ ನಮಗೆ ಪ್ರಶ್ನೆಯು ಅಡಿಗೆಯ ಮನೆಯದಾಗಿ ಉಳಿಯಲಿಲ್ಲ.

ಮುಚ್ಚಿಡುವದೆಲ್ಲಾ ಸುಳ್ಳಿಗೆ ಸಮಾನವೆಂದು ಹೇಳುವ ಹಿರಿಯರು ನಮ್ಮಲ್ಲಿ ಉಂಟು. ಅವರು ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು. ಮುದಿಪ್ರಾಯದಲ್ಲಿ ಬಸುರಾದ ಎಲಿಸಬೇತಳು ಐದು ತಿಂಗಳು ತನ್ನನ್ನು ಮರೆಮಾಡಿಕೊಂಡಿದ್ದಳು. ಅದಕ್ಕಾಗಿ ಅವಳನ್ನು ಯಾರೂ ಗದರಿಸಿದ್ದಿಲ್ಲ. ಮರಿಯಳಾದರೋ ತಡಮಾಡದೆ ಬೆಟ್ಟದ ಸೀಮೆಗೆ ಹೊರಟು ಆ ಎಲಿಸಬೇತಳ ಮನೆಯನ್ನೇ ಸೇರಿ ಸುಮಾರು ಮೂರು ತಿಂಗಳು ಅಲ್ಲಿ ಉಳಿದಳು. ಒಬ್ಬಳು ಮುಚ್ಚಿಟ್ಟಳು, ಒಬ್ಬಳು ಹಂಚಿಕೊಂಡಳು. ಆದರೆ ಮರಿಯಳು ನಜರೇತಿನ ಬೀದಿಗೆಲ್ಲಾ ಸಾರಿದಳೆಂದು ಬರೆದಿಲ್ಲ. ತನ್ನ ಸ್ಥಿತಿಯನ್ನು ತಿಳಿಯಬಲ್ಲ ಒಬ್ಬಳನ್ನು ಹುಡುಕಿಕೊಂಡು ಹೋದಳು. ಆದದರಿಂದ, ಈ ಸುದ್ದಿಯು ಮೊದಲು ತಾಯಿಯ ಸೊತ್ತು. ಅದನ್ನು ಕೇಳುವ ಹಕ್ಕು ಹುಟ್ಟಿನಿಂದ ಯಾರಿಗೂ ಇಲ್ಲ, ಅತ್ತೆಗೂ ಇಲ್ಲ, ಸಭೆಗೂ ಇಲ್ಲ. ಇದು ನಮ್ಮ ನಿರ್ಣಯ. ಆದರೂ ತಾನಾಗಿ ಮೌನವಾಗಿರುವದು ಬೇರೆ, ಹೆದರಿಕೆಯು ಬಾಯಿಗೆ ಬೀಗ ಹಾಕುವದು ಬೇರೆ. ನಂದಿನಿ ಲೇಔಟಿನ ಸಹೋದರಿಯದು ಎರಡನೆಯದು.

ಆ ಹೆದರಿಕೆಗಳಲ್ಲಿ ಕಣ್ಣುಬೀಳುವದೆಂಬದು ಒಂದು. ನಾವು ಇದನ್ನು ಬಿಟ್ಟುಬಿಟ್ಟೆವೆಂದು ಹೇಳಿಕೊಳ್ಳುತ್ತೇವೆ. ಆದರೆ ದೃಷ್ಟಿಬೊಟ್ಟನ್ನು ಅಳಿಸಿದ ಕೈಯೇ ಮಗು ಹುಟ್ಟುವದಕ್ಕೆ ಮುಂಚೆ ಹೊಸ ಅಂಗಿ ಕೊಳ್ಳಲಾರದು. ಇದನ್ನು ನಾವು ನಗುವದಿಲ್ಲ. ಹುಟ್ಟಿದ ಮಕ್ಕಳಲ್ಲಿ ಬಹುಮಂದಿ ವರುಷ ತುಂಬದೆ ತೀರಿಹೋಗುತ್ತಿದ್ದ ಕಾಲದಲ್ಲಿ ಬರಿದಾದ ತೊಟ್ಟಿಲನ್ನು ನೋಡುತ್ತಾ ಕೂರುವ ತಾಯಿಯ ಸಂಕಟವನ್ನು ಕಂಡವರೇ ಈ ಪದ್ಧತಿಯನ್ನು ಕಟ್ಟಿರಬೇಕು. ಅದರೊಳಗೆ ಕನಿಕರವಿತ್ತು. ಆದರೆ ಕಾಲವು ಬದಲಾಗಿದೆ. ಸರಕಾರದ ಲೆಕ್ಕದಂತೆ ೨೦೨೦ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ವರುಷದೊಳಗೆ ತೀರಿದವು ೧೯. ಒಂದೂ ಹೆಚ್ಚೇ ಸರಿ, ಆದರೂ ಹಿಂದಿನ ಹಾಗಿಲ್ಲ.

ಗರ್ಭವು ನಿಲ್ಲದೆ ಹೋಗುವದಾದರೋ ಇಂದಿಗೂ ಸಾಮಾನ್ಯ. ಬಸುರೆಂದು ತಿಳಿದುಬಂದ ನೂರರಲ್ಲಿ ಹತ್ತರಿಂದ ಇಪ್ಪತ್ತು ಹೀಗೆ ಹೋಗುತ್ತವೆ, ಹೆಚ್ಚಿನವು ಮೊದಲಿನ ಹನ್ನೆರಡು ವಾರಗಳಲ್ಲಿಯೇ. ಅವುಗಳಲ್ಲಿ ಅರ್ಧದಷ್ಟಕ್ಕೆ ಕಾರಣವು ಬೀಜದಲ್ಲಿಯೇ ಉಂಟಾದ ಕೊರತೆಯೆಂದು ವೈದ್ಯರು ಹೇಳುತ್ತಾರೆ. ನೆರೆಯವಳ ಕಣ್ಣೂ ಅಲ್ಲ, ತಾಯಿ ಕೊಡ ಎತ್ತಿದ್ದೂ ಅಲ್ಲ, ಪಪ್ಪಾಯಿ ತಿಂದದ್ದೂ ಅಲ್ಲ. ಹೀಗಿರಲಾಗಿ, ಮೂರು ತಿಂಗಳು ಯಾರಿಗೂ ಹೇಳದೆ ಇದ್ದರೆ ಗರ್ಭವು ಉಳಿಯುವದಿಲ್ಲ. ಹೋದಾಗ ದುಃಖಪಡುವ ಜತೆಗಾತಿ ಮಾತ್ರ ಇಲ್ಲದೆ ಹೋಗುತ್ತಾಳೆ.

ಇನ್ನೊಂದು ನಷ್ಟವೂ ಉಂಟು. ಶಿಶುವಿನ ಬೆನ್ನುಹುರಿಯ ಕೊಳವೆಯು ಮುಚ್ಚಿಕೊಳ್ಳುವದು ಗರ್ಭವು ನಿಂತ ಮೊದಲಿನ ನಾಲ್ಕು ವಾರಗಳಲ್ಲಿ. ಅದು ಸರಿಯಾಗಿ ಮುಚ್ಚುವದಕ್ಕೆ ಫೋಲಿಕ್ ಆಸಿಡ್ ಎಂಬ ಸಣ್ಣ ಮಾತ್ರೆಯು ಬೇಕು. ಮಗುವನ್ನು ಬಯಸುವವಳು ಬಸುರಾಗುವದಕ್ಕೆ ಮುಂಚೆಯೇ ಅದನ್ನು ತೊಡಗುವದು ಉತ್ತಮ. ಮೂರು ತಿಂಗಳು ಯಾರಿಗೂ ಹೇಳುವದಿಲ್ಲವೆಂಬವಳು ಆಶಾ ಕಾರ್ಯಕರ್ತೆಗೂ ಹೇಳುವದಿಲ್ಲ. ತಾಯಿ ಕಾರ್ಡು ತಡವಾಗುತ್ತದೆ, ರಕ್ತದ ಪರೀಕ್ಷೆ ತಡವಾಗುತ್ತದೆ. ೨೦೧೮ರಿಂದ ೨೦೨೦ರ ವರೆಗಿನ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ೬೯ ಮಂದಿ ತಾಯಂದಿರು ಸತ್ತರು. ನೆರೆಯ ಕೇರಳದಲ್ಲಿ ಅದೇ ಲೆಕ್ಕವು ೧೯. ರಕ್ತ ಕಡಿಮೆಯಿರುವದನ್ನೂ ರಕ್ತದ ಒತ್ತಡವು ಏರುವದನ್ನೂ ಹೊತ್ತಿಗೆ ಮುಂಚೆ ಕಂಡರೆ ಇಂಥ ಮರಣಗಳಲ್ಲಿ ಅನೇಕವನ್ನು ತಡೆಯಬಹುದು.

ಕಾರ್ಖಾನೆಯ ಹೆದರಿಕೆಗೆ ಬರೋಣ. ಈ ದೇಶದಲ್ಲಿ ೧೯೬೧ರಲ್ಲಿಯೇ ಹೆರಿಗೆ ಸೌಲಭ್ಯದ ಕಾಯಿದೆಯು ಉಂಟಾಯಿತು. ೨೦೧೭ರ ತಿದ್ದುಪಡಿಯಿಂದ ಮೊದಲಿನ ಎರಡು ಮಕ್ಕಳಿಗೆ ಸಂಬಳಸಹಿತವಾದ ರಜೆಯು ೨೬ ವಾರಗಳಾಯಿತು. ಬಸುರಿನ ನಿಮಿತ್ತ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವದು ಕಾಯಿದೆಗೆ ವಿರೋಧ. ಬಹುಮಂದಿಗೆ ತಿಳಿಯದ ಸಂಗತಿಯೇನಂದರೆ, ಗರ್ಭಸ್ರಾವವಾದವಳಿಗೂ ವೈದ್ಯರ ಪತ್ರವನ್ನು ತೋರಿಸಿದರೆ ಆರು ವಾರಗಳ ಸಂಬಳದ ರಜೆಯು ಸಲ್ಲಬೇಕು. ಇ.ಎಸ್.ಐ. ಇರುವವರಿಗೂ ಇಂಥ ಹಕ್ಕು ಉಂಟು. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದನ್ನು ಇಟ್ಟಿದ್ದಾರೆ. ನಮ್ಮ ಸಹೋದರಿಯ ಚೀಲದಲ್ಲಿ ಇ.ಎಸ್.ಐ. ಕಾರ್ಡು ಇತ್ತು, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯು ಅವಳ ಮನೆಗೆ ಬಹುದೂರವೂ ಅಲ್ಲ. ಮೂರನೆಯ ದಿವಸ ಮೆಷೀನು ತುಳಿದ ಆ ಕಾಲುಗಳಿಗೆ ಆರು ವಾರಗಳ ವಿಶ್ರಾಂತಿಯು ನ್ಯಾಯವಾಗಿಯೇ ಬರಬೇಕಾಗಿತ್ತು. ಅವಳಿಗೆ ಹಕ್ಕು ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಅವಳ ಸುದ್ದಿ ಗೊತ್ತಿರಲಿಲ್ಲ.

ಹಾಗಾದರೆ ಎಲ್ಲರಿಗೂ ಹೇಳಿಬಿಡಬೇಕೋ? ಇಲ್ಲಿ ನಾವು ಅವಸರಪಡಬಾರದು. ಕಾಯಿದೆಯು ಪುಸ್ತಕದಲ್ಲಿದ್ದರೂ ಸೂಪರ್‌ವೈಸರನ ಮನಸ್ಸಿನಲ್ಲಿ ಇಲ್ಲದಿರಬಹುದು, ದಿನಗೂಲಿಯವಳಿಗೆ ಅದು ಮುಟ್ಟದೆಯೂ ಇರಬಹುದು. ಹೆದರಿದವಳ ಮೇಲೆ ತಪ್ಪನ್ನು ಹೊರಿಸಿ ನಾವು ಸುಮ್ಮನೆ ಕೂರುವದು ನ್ಯಾಯವಲ್ಲ. ಅವಳು ಹೇಳಲಿಲ್ಲವೇಕೆಂದು ಕೇಳುವದಕ್ಕಿಂತ ಮುಂಚೆ ಹೇಳಿದವರಿಗೆ ನಾವು ಏನು ಮಾಡಿದೆವೆಂದು ಕೇಳಿಕೊಳ್ಳೋಣ. ನಮ್ಮೂರುಗಳಲ್ಲಿ ಬಸುರಿನ ಸುದ್ದಿಯನ್ನು ಕೇಳಿದ ಕೂಡಲೆ ಬರುವ ಎರಡನೆಯ ಮಾತು ಯಾವದು? "ಚೊಚ್ಚಲು ಗಂಡಾಗಲಿ" ಎಂಬದೇ. ಇದನ್ನು ಆಶೀರ್ವಾದವೆಂದು ನಾವು ತಿಳಿದಿದ್ದೇವೆ. ಎರಡು ಹೆಣ್ಣುಗಳನ್ನು ಹೆತ್ತು ಮೂರನೆಯದನ್ನು ಹೊತ್ತವಳ ಕಿವಿಗೆ ಅದು ಹೇಗೆ ಕೇಳಿಸುವದೆಂದು ಎಣಿಸಿದ್ದೇವೋ? ಗರ್ಭದಲ್ಲಿರುವದು ಗಂಡೋ ಹೆಣ್ಣೋ ಎಂದು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸಬಾರದೆಂದು ೧೯೯೪ರ ಕಾಯಿದೆಯು ವೈದ್ಯರನ್ನು ಕಟ್ಟಿದೆ. ಆದಾಗ್ಯೂ ೨೦೨೩ರಲ್ಲಿ ಮಂಡ್ಯ ಸೀಮೆಯಲ್ಲಿ ಬೆಲ್ಲ ಮಾಡುವ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಹೆಣ್ಣುಗರ್ಭಗಳನ್ನು ಪತ್ತೆಮಾಡಿ ತೆಗೆಯಿಸುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಹೊರಗೆಡವಿದರು. ಆಲೆಮನೆಗೆ ಕಬ್ಬು ತರುವ ದಾರಿಯಲ್ಲಿಯೇ ಆ ತಾಯಂದಿರನ್ನೂ ಕರತಂದರು. ಅವರನ್ನು ಅಲ್ಲಿಗೆ ನೂಕಿದ್ದು ಯಂತ್ರವೊಂದೇ ಅಲ್ಲ; ಸುದ್ದಿಯನ್ನು ಕೇಳಿ ಮೊದಲು ಮುಖ ಅರಳಿಸಿ, ಆಮೇಲೆ ಲೆಕ್ಕ ಹಾಕಿದ ಮನೆಯವರೂ ನೆರೆಯವರೂ ಅದರಲ್ಲಿ ಕೈಹಾಕಿದ್ದಾರೆ.

ಸುದ್ದಿಯನ್ನು ಕೇಳಿದವನು ಸಾಲಗಾರನಾಗುತ್ತಾನೆಂದು ನಮಗೆ ತೋರುತ್ತದೆ. ಹಿಂದೆ ಸೂಲಗಿತ್ತಿಯು ಇಂಥ ಸಾಲವನ್ನು ತೀರಿಸುತ್ತಿದ್ದಳು. ೨೦೧೮ರಲ್ಲಿ ತೀರಿಹೋದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದರೆಂದು ಎಲ್ಲರೂ ಬಲ್ಲರು. ಇಂಥವರಿಗೆ ಹೇಳಿದ ಮಾತು ಹರಟೆಯಾಗಿ ಬೀದಿಗೆ ಬೀಳುತ್ತಿರಲಿಲ್ಲ, ಕೆಲಸವಾಗಿ ಮನೆಗೆ ಹಿಂದಿರುಗುತ್ತಿತ್ತು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನಿನವರು ೧೯೦೬ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಹೆಂಗಸರಿಗಾಗಿಯೂ ಮಕ್ಕಳಿಗಾಗಿಯೂ ತೆರೆದದ್ದು ಕೂಡ, ಹೆಂಗಸು ತನ್ನ ದೇಹದ ಸಂಗತಿಯನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವದಕ್ಕೆ ಒಂದು ಬಾಗಿಲು ಬೇಕೆಂದೇ ಅಲ್ಲವೇ?

ಒಂದು ಕಷ್ಟವಾದ ಸಂಗತಿಯನ್ನು ಬಿಡಲಾರೆವು. ಬಸುರಿನ ಸುದ್ದಿಯು ಒಬ್ಬಳಿಗೆ ಸಂತೋಷವಾದಾಗ ಮತ್ತೊಬ್ಬಳಿಗೆ ಗಾಯವಾಗುತ್ತದೆ. ಮದುವೆಯಾಗಿ ಹತ್ತು ವರುಷ ಮಕ್ಕಳಿಲ್ಲದವಳು ಸೀಮಂತದ ಮನೆಯಲ್ಲಿ ಹೊಸ್ತಿಲ ಹೊರಗೆ ನಿಲ್ಲುವದನ್ನು ನಾವು ಕಂಡಿದ್ದೇವೆ. ನಮ್ಮ ಸಭೆಗಳಲ್ಲಿಯೂ ಕಂಡಿದ್ದೇವೆಂದು ಬರೆಯುವದಕ್ಕೆ ನಾಚಿಕೆಯಾಗುತ್ತದೆ. ಬಳೆ ತೊಡಿಸುವಾಗ ಮಡಿಲು ತುಂಬುವಾಗ ಅವಳ ಕೈ ಬೇಡವಂತೆ, ವಿಧವೆಯ ಕೈಯಂತೂ ಬೇಡವೇ ಬೇಡವಂತೆ. ಅವಳಿಗೆ ನೋವಾಗುತ್ತದೆಂದು ಸುದ್ದಿಯನ್ನೇ ಅವಳಿಂದ ಅಡಗಿಸುವವರೂ ಉಂಟು. ಇದು ದಯೆಯಂತೆ ತೋರಿದರೂ ದಯೆಯಲ್ಲ. ಊರಿಗೆಲ್ಲಾ ತಿಳಿದ ಮೇಲೆ ತನಗೊಬ್ಬಳಿಗೇ ತಿಳಿಯಲಿಲ್ಲವೆಂದು ಅವಳು ಕಾಣುವಾಗ ಗಾಯವು ಎರಡಾಗುತ್ತದೆ. ಅವಳಿಗೆ ಎಲ್ಲರಿಗಿಂತ ಮುಂಚೆ, ಒಬ್ಬಳೇ ಇರುವಾಗ, ಮೆಲ್ಲಗೆ ಹೇಳತಕ್ಕದ್ದು. ಅಳುವದಾದರೆ ಅಳುವದಕ್ಕೆ ಎಡೆಗೊಡತಕ್ಕದ್ದು. ಬರುವದಕ್ಕೆ ಮನಸ್ಸಿದ್ದರೆ ಮೊದಲನೆಯ ಬಳೆಯನ್ನು ಅವಳ ಕೈಯಿಂದಲೇ ತೊಡಿಸತಕ್ಕದ್ದು. ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬಾರದು.

ಸಿದ್ಧತೆಯ ವಿಷಯದಲ್ಲಿ ನಾವು ಹೆಚ್ಚು ಹೇಳುವದಿಲ್ಲ, ನಮ್ಮ ಹೆಂಗಸರು ನಮಗಿಂತ ಚೆನ್ನಾಗಿ ಬಲ್ಲರು. ಮೆತ್ತಗಾದ ಹಳೆಯ ಹತ್ತಿಯ ಸೀರೆಯನ್ನು ಒಗೆದು ಬಿಸಿಲಿನಲ್ಲಿ ಒಣಗಿಸಿ ಮಡಚಿಡುವದಕ್ಕೆ ಯಾವ ಕಣ್ಣೂ ಅಡ್ಡಿಯಲ್ಲ. ಸರಕಾರವೇ ೨೦೦೭ರಲ್ಲಿ ಮಡಿಲು ಎಂಬ ಹೆಸರಿನಿಂದ ಬಡ ಬಾಣಂತಿಯರಿಗೆ ಬಟ್ಟೆ ಸೋಪು ಮುಂತಾದವುಗಳ ಗಂಟನ್ನು ಕೊಡಲಾರಂಭಿಸಿತ್ತು. ೨೦೧೭ರ ಅಕ್ಟೋಬರ್ ೨ರಿಂದ ಮಾತೃಪೂರ್ಣವೆಂಬ ಯೋಜನೆಯಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಕೊಡುವ ಏರ್ಪಾಡಾಯಿತು. ಆ ಊಟಕ್ಕೆ ಹೋಗಿ ಕೂರುವವಳು ತನ್ನ ಸುದ್ದಿಯನ್ನು ಬಾಯಿ ತೆರೆಯದೆಯೇ ಹೇಳಿದಂತಾಗುತ್ತದೆ. ಅದಕ್ಕೇ ಕೆಲವರು ನಾಚಿ ಹೋಗುವದಿಲ್ಲ. ಅತ್ತೆಯಾದವಳು ಜತೆಯಲ್ಲಿ ನಡೆದುಕೊಂಡು ಹೋದರೆ ಆ ನಾಚಿಕೆಯು ಎರಡು ದಿನಕ್ಕೆ ಬಿಟ್ಟುಹೋಗುವದು. ರಾತ್ರಿ ನೋವು ಬಂದರೆ ೧೦೮ಕ್ಕೆ ಫೋನು ಮಾಡುವವರು ಯಾರು, ರಕ್ತ ಬೇಕಾದರೆ ಕೊಡುವವರು ಯಾರು, ಮನೆಯಲ್ಲಿರುವ ದೊಡ್ಡ ಮಗುವನ್ನು ನೋಡಿಕೊಳ್ಳುವವರು ಯಾರು ಎಂದು ಏಳನೆಯ ತಿಂಗಳಲ್ಲಿಯೇ ಗೊತ್ತುಮಾಡಿಕೊಳ್ಳುವದು ತೊಟ್ಟಿಲಿಗಿಂತ ಅವಶ್ಯ.

ನಂದಿನಿ ಲೇಔಟಿನ ಆ ಸಹೋದರಿಯು ಈಗ ಪುನಃ ಬಸುರಾಗಿದ್ದಾಳೆ. ಈ ಸಾರಿ ಎಂಟನೆಯ ವಾರದಲ್ಲಿ ಇಬ್ಬರಿಗೆ ಹೇಳಿದಳು. ಒಬ್ಬಳು ಬೀದಿಗೆ ಬರುವ ಆಶಾ ಕಾರ್ಯಕರ್ತೆ. ಇನ್ನೊಬ್ಬಳು ಎದುರು ಮನೆಯ ಅಕ್ಕ. ಆ ಅಕ್ಕನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೂ ಎರಡು ಸಾರಿ ಹಾಗೆ ಹೋಯಿತೆಂದೂ ಇಷ್ಟು ವರುಷ ಯಾರ ಸಂಗಡವೂ ಅದನ್ನು ಆಡಿಲ್ಲವೆಂದೂ ಹೇಳಿದಳಂತೆ. ಇಬ್ಬರೂ ಅಂದು ಮೆಟ್ಟಲಿನ ಮೇಲೆಯೇ ಕೂತು ಅತ್ತರು. ತವರಿಗೆ ಸುದ್ದಿ ಮುಟ್ಟಿದ್ದು ನಾಲ್ಕನೆಯ ತಿಂಗಳಲ್ಲಿ. ಹೋದ ವಾರ ಅವಳ ತಾಯಿಯು ಹಳೆಯ ಸೀರೆಗಳ ಒಂದು ಗಂಟನ್ನು ಬಸ್ಸಿನವನ ಕೈಯಲ್ಲಿ ಕಳುಹಿಸಿದ್ದಾಳೆ. ಅದನ್ನು ಇಳಿಸಿಕೊಂಡು ಬರುವದಕ್ಕೆ ಬಸ್ ಸ್ಟ್ಯಾಂಡಿಗೆ ಹೋದವಳು ಎದುರು ಮನೆಯ ಅಕ್ಕ.