ಪಾತ್ರಕ್ಕೆ ಸಲ್ಲಬೇಕಾದ ನ್ಯಾಯ

ಒಂದು ಒಳ್ಳೆಯ ಕಾದಂಬರಿಯನ್ನು ಓದಿ ಮುಗಿಸಿದೊಡನೆ ನಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ, "ಇದೆಲ್ಲ ನಿಜವಾಗಿ ನಡೆದದ್ದೇ?" ಎಂಬುದು. ಲೇಖಕನು ತಾನು ಕಂಡವರನ್ನೇ ಬರೆದಿರಬೇಕು, ತನ್ನ ರಾಗದ್ವೇಷಗಳನ್ನೇ ಪಾತ್ರಗಳಿಗೆ ಹಂಚಿರಬೇಕು ಎಂಬ ಊಹೆ ಇದರ ಹಿಂದಿದೆ. ಊಹೆ ಬಹುಮಟ್ಟಿಗೆ ಸರಿಯೇ. ಆದರೆ ಅದರಿಂದ ಹುಟ್ಟುವ ಇನ್ನೊಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ನಮಗೆ ಒಗ್ಗದವರನ್ನು, ನೋವು ಕೊಟ್ಟವರನ್ನು ಕಥೆಯೊಳಗೆ ತಂದು ನಿಲ್ಲಿಸಿದಾಗ ಮಾತೆಲ್ಲ ನಮ್ಮದೇ ಆಗಿರುತ್ತದೆ; ಉತ್ತರ ಹೇಳಲು ಅವರಿಗೆ ಅವಕಾಶವಿಲ್ಲ. ಅಂಥವರಿಗೆ ನಾವು ಸಲ್ಲಿಸಬೇಕಾದ ನ್ಯಾಯವೇನು?

ಟಾಲ್‌ಸ್ಟಾಯ್ ಅವರ ಉದಾಹರಣೆಯನ್ನು ನೋಡೋಣ. 1872ರ ಜನವರಿಯಲ್ಲಿ ಅವರ ನೆರೆಯ ಜಮೀನುದಾರನೊಬ್ಬನೊಡನೆ ಬಾಳುತ್ತಿದ್ದ ಅನ್ನಾ ಪಿರೊಗೊವಾ ಎಂಬಾಕೆ, ಅವನ ಮನಸ್ಸು ಬೇರೊಬ್ಬಳ ಕಡೆ ತಿರುಗಿದ್ದರಿಂದ ನೊಂದು, ರೈಲಿಗೆ ಸಿಕ್ಕು ಪ್ರಾಣ ಬಿಟ್ಟಳು. ಆ ಶವವನ್ನು ಟಾಲ್‌ಸ್ಟಾಯ್ ಕಣ್ಣಾರೆ ಕಂಡರು. ಮರುವರ್ಷ 'ಅನ್ನಾ ಕರೆನಿನಾ' ಬರೆಯತೊಡಗಿದಾಗ, ದಾಂಪತ್ಯ ಮುರಿದ ಹೆಣ್ಣಿನ ಬಗ್ಗೆ ಅವರಲ್ಲಿದ್ದುದು ಕಟುವಾದ ಮನೋಭಾವ. ಮೊದಮೊದಲ ಕರಡುಗಳಲ್ಲಿ ನಾಯಕಿ ಒರಟು ರೂಪಿನ, ನಯವಿಲ್ಲದ ಹೆಂಗಸು. ಬರೆದು, ಹೊಡೆದು, ಮತ್ತೆ ಬರೆಯುತ್ತ ಹೋದಂತೆ ಆಕೆ ನಾವಿಂದು ಬಲ್ಲ ಅನ್ನಾ ಆದಳು. ಆದರೂ ನಾಯಕಿಯ ಮೇಲೆ ಕನಿಕರ ಬಂತೆಂದು ಗಂಡನನ್ನು ಅವರು ದುಷ್ಟನನ್ನಾಗಿ ಮಾಡಲಿಲ್ಲ. ಸರಕಾರಿ ಕಡತಗಳಲ್ಲಿ ಮುಳುಗಿ ಒಣಗಿಹೋದ ಕರೆನಿನ್ ಕೂಡ, ಸಾವಿನ ಅಂಚಿನಲ್ಲಿ ಮಲಗಿದ ಹೆಂಡತಿಯನ್ನು ಕಂಡು ಕರಗಿ, ಕ್ಷಮಿಸುತ್ತಾನೆ.

ಟಾಲ್‌ಸ್ಟಾಯ್ ಕಂಡದ್ದು ಬೇರೆಯವರ ಮನೆಯ ದುರಂತವನ್ನು. ದುಃಖ ಸ್ವಂತ ಮನೆಯದೇ ಆದಾಗ ಈ ಕೆಲಸ ಇನ್ನೂ ಕಠಿಣ. ಎಸ್.ಎಲ್. ಭೈರಪ್ಪನವರು ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡವರು. ಅವರ 'ಗೃಹಭಂಗ' 1970ರಲ್ಲಿ ಬಂದಿತು. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮಕ್ಕಳ ಹೊಟ್ಟೆ ಹೊರೆದು, ಕೊನೆಗೆ ಪ್ಲೇಗಿಗೆ ಬಲಿಯಾಗುವ ನಂಜಮ್ಮನನ್ನು ಓದುವಾಗ ಈ ಹಿನ್ನೆಲೆ ನೆನಪಾಗದೆ ಇರದು. ಹೊಟ್ಟೆಯ ಚಿಂತೆಯೊಂದನ್ನು ಬಿಟ್ಟು ಬೇರೇನನ್ನೂ ಅರಿಯದ ಗಂಡ ಚೆನ್ನಿಗರಾಯನ ಮೇಲೆ ಓದುಗನಿಗೆ ಕೋಪ ಉಕ್ಕುತ್ತದೆ. ಆದರೆ ಲೇಖಕರು ಕಥೆಯನ್ನು ಪ್ರಾರಂಭಿಸುವುದು ಅವನು ಬೆಳೆದ ಮನೆಯಿಂದ: ಬಾಯಿ ತೆರೆದರೆ ಬೈಗುಳವಾದ ತಾಯಿ, ತಿದ್ದುವವರಿಲ್ಲದ ಇಬ್ಬರು ಗಂಡುಮಕ್ಕಳು. ಅವನು ಹಾಗೇಕಾದ ಎಂಬುದು ನಮಗೆ ತಿಳಿಯುತ್ತದೆ. ಅವನು ಮಾಡಿದ್ದು ಸರಿಯೆಂದು ಮಾತ್ರ ಎಲ್ಲಿಯೂ ತೋರುವುದಿಲ್ಲ.

ಹಾಗಾದರೆ ಲೇಖಕನು ಕೋಪತಾಪಗಳನ್ನು ಬಿಟ್ಟು ಬರೆಯಬೇಕೇ? ನಮಗೆ ಹಾಗೆನಿಸುವುದಿಲ್ಲ. ನೋವಿಲ್ಲದಿದ್ದರೆ ನಂಜಮ್ಮ ಹುಟ್ಟುತ್ತಲೇ ಇರಲಿಲ್ಲ. ಲೇಖನಿ ಹಿಡಿಸುವುದು ಭಾವನೆಯೇ. ಆದರೆ ಹಿಡಿದ ಮೇಲೆ, ತನಗೆ ಆಗದವನ ಮನೆಯೊಳಕ್ಕೂ ಹೋಗಿ ಕೂತು ಬರುವ ತಾಳ್ಮೆ ಬೇಕು. ಅದಿಲ್ಲದೆ ಬರೆದರೆ ಅದು ದೂರು ಅರ್ಜಿಯಾದೀತು, ಕಾದಂಬರಿಯಾಗದು.

ಇದು ಬರೆಯುವವರಿಗೆ ಮಾತ್ರ ಸಂಬಂಧಿಸಿದ ಮಾತೂ ಅಲ್ಲ. ಊರು ಬಿಟ್ಟು ಬಂದ ನಾವೆಲ್ಲರೂ ಒಂದಲ್ಲ ಒಂದು ಬಗೆಯ ಕಥೆಗಾರರೇ. ಆಸ್ತಿ ಪಾಲಿನಲ್ಲಿ ಮೋಸ ಮಾಡಿದ ದೊಡ್ಡಪ್ಪ, ಕಷ್ಟಕಾಲದಲ್ಲಿ ಬಾಗಿಲು ಹಾಕಿಕೊಂಡ ಸೋದರತ್ತೆ, ಇವರ ಕಥೆಯನ್ನು ಊಟದ ಹೊತ್ತಿನಲ್ಲಿ ಮಕ್ಕಳಿಗೆ ಹೇಳುತ್ತೇವೆ. ಊರಿನಲ್ಲೇ ಬೆಳೆದ ಮಕ್ಕಳಾದರೆ ಆ ದೊಡ್ಡಪ್ಪನನ್ನು ಜಾತ್ರೆಯಲ್ಲೋ ಮದುವೆಯಲ್ಲೋ ಕಂಡು, ಅವನ ಇನ್ನೊಂದು ಮುಖವನ್ನೂ ಅರಿಯುತ್ತಿದ್ದರು. ನಮ್ಮ ಮಕ್ಕಳಿಗೆ ಆ ಅವಕಾಶವಿಲ್ಲ. ಅವರ ಪಾಲಿಗೆ ಅವನು ನಾವು ಹೇಳಿದಷ್ಟೇ.

ಆದುದರಿಂದ ಆದ ಅನ್ಯಾಯವನ್ನು ಮುಚ್ಚಿಡಬೇಕಾಗಿಲ್ಲ. ಮೋಸವನ್ನು ಮೋಸವೆಂದೇ ಹೇಳೋಣ. ಅದರ ಜೊತೆಗೆ, ಅದೇ ದೊಡ್ಡಪ್ಪ ನಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸಿದ್ದರೆ ಅದನ್ನೂ ಹೇಳೋಣ.