ಕಸೂತಿಯ ಹಿಂಬದಿ

ಕಳೆದ ವರ್ಷದ ಮಳೆಗಾಲದ ಒಂದು ಸಂಜೆ ನಮ್ಮ ಧರ್ಮಕೇಂದ್ರದ ಸಹೋದರಿಯೊಬ್ಬರು ಗುರುನಿವಾಸಕ್ಕೆ ಬಂದರು. ಧಾರವಾಡದ ಬಡಾವಣೆಯೊಂದರಲ್ಲಿ ತಮ್ಮ ಮನೆಯ ಮುಂಗೋಣೆಯಲ್ಲೇ ಏಳು ಮಂದಿ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಕೈಕಸೂತಿಯ ಸಣ್ಣ ಉದ್ಯೋಗ ನಡೆಸುತ್ತಿರುವವರು ಅವರು. ಧರ್ಮಭಗಿನಿಯರ ಹೊಲಿಗೆ ತರಗತಿಯಲ್ಲಿ ಮೊದಲು ಸೂಜಿ ಹಿಡಿದು, ನೆರೆಮನೆಯ ಆಯಿಯೊಬ್ಬರ ಬಳಿ ಕುಳಿತು ಕಸೂತಿ ಕಲಿತವರು. ಪತಿಯ ಸಂಪಾದನೆ ಸಾಲದೆ ಹೋದಾಗ ಆರಂಭಿಸಿದ ಕೆಲಸವು ಈಗ ಎಂಟು ಮನೆಗಳ ಒಲೆಗೆ ಆಸರೆಯಾಗಿದೆ. ಅಂದು ಅವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳಿದ್ದವು.

ಮೊದಲನೆಯದು ಒಬ್ಬ ವ್ಯಾಪಾರಿಯ ಕುರಿತದ್ದು. ಎರಡು ತಿಂಗಳೊಳಗೆ 200 ಸೀರೆಗಳ ಸೆರಗಿಗೆ ಕಸೂತಿ ಹಾಕಿಕೊಡಬೇಕೆಂದು ಆತ ಕೇಳಿದ್ದ. ಕೈಯಿಂದ ಅಷ್ಟು ಸಾಧ್ಯವಿಲ್ಲವೆಂದಾಗ, ಬಹುಪಾಲನ್ನು ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರದಲ್ಲಿ ಮಾಡಿಸಿ, ಎಲ್ಲಕ್ಕೂ ‘ಕೈಕಸೂತಿ’ ಎಂಬ ಚೀಟಿ ಹಚ್ಚೋಣವೆಂದು ತಾನೇ ದಾರಿ ತೋರಿಸಿದ್ದ. “ಫಾದರ್, ಮುಂದಿನಿಂದ ನೋಡಿದ್ರ ಎರಡೂ ಒಂದ ಥರಾ ಕಾಣ್ತಾವ. ನಾವು ಹೇಳದಿದ್ರ ಯಾರಿಗೆ ಗೊತ್ತಾಗ್ತೈತಿ?” ಎಂದು ಆಕೆ ಕೇಳಿದರು. ಕೇಳುವಾಗಲೇ ಅವರ ದನಿ ಕುಗ್ಗಿತ್ತು.

ಎರಡನೆಯ ಪ್ರಶ್ನೆ ಬೇರೆಯೇ ಬಗೆಯದು. “ಫೋನಿನ್ಯಾಗ ನೋಡಿದ್ದನ್ನ ಹಾಕ್ತೀನ್ರಿ, ಮಾರಾಟಾನೂ ಆಗ್ತೈತಿ. ಆದ್ರ ಅದರಾಗ ನಂದು ಅನ್ನೋದು ಏನೈತಿ? ಮುಂದ ಏನು ಮಾಡಬೇಕು ಅನ್ನೋದ ತಿಳೀವಲ್ದು.” ಮಾರಾಟವಾಗುತ್ತಿದ್ದ ಕೆಲಸವೇ ಅವರಿಗೆ ಬೇಸರ ತರುತ್ತಿತ್ತು.

ಮೊದಲನೆಯದು ನೀತಿಯ ಪ್ರಶ್ನೆ, ಅದಕ್ಕೆ ಉತ್ತರ ನನ್ನ ಬಳಿ ಇದೆ. ಎರಡನೆಯದು ಕಲೆಯ ಪ್ರಶ್ನೆ, ಅದು ನನಗೆ ಸಂಬಂಧಿಸಿದ್ದಲ್ಲ ಎಂದು ನಾನು ಅಂದುಕೊಂಡೆ. ಆ ತಿಳಿವಳಿಕೆ ತಪ್ಪಾಗಿತ್ತು. ಅವೆರಡೂ ಒಂದೇ ಪ್ರಶ್ನೆಯೆಂಬುದನ್ನು ಮುಂದಿನ ತಿಂಗಳುಗಳಲ್ಲಿ ಆ ಸಹೋದರಿಯ ಕೆಲಸವೇ ನನಗೆ ಕಲಿಸಿತು. ಅದನ್ನು ಪ್ರಿಯ ವಾಚಕರೊಂದಿಗೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಉತ್ತರ ಕರ್ನಾಟಕದ ಕಸೂತಿಯನ್ನು ನಮ್ಮಲ್ಲಿ ಅನೇಕರು ಇಳಕಲ್ಲ ಸೀರೆಯ ಮೇಲೆ ಕಂಡಿದ್ದೇವೆ. ಮದುವಣಗಿತ್ತಿಗೆ ಕೊಡುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆಯ ಮೇಲೂ ಅದು ಶೋಭಿಸುತ್ತಿತ್ತು. ಈ ಕಲೆಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹೆಣ್ಣುಮಕ್ಕಳು ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಇಳಿಸುತ್ತಾರೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಮೊದಲೆರಡು ವಿಶೇಷವಾದವು. ಗವಂತಿಯಲ್ಲಿ ಸೂಜಿಯು ಒಂದೊಂದು ಹೊಲಿಗೆಯ ನಡುವೆ ಜಾಗ ಬಿಟ್ಟು ಮುಂದೆ ಸಾಗುತ್ತದೆ. ಬಳಿಕ ಅದೇ ದಾರಿಯಲ್ಲಿ ಹಿಂದಿರುಗುತ್ತಾ ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲುಗಳಂತೆ ಏರಿಳಿಯುತ್ತದೆ. ಇದರ ಫಲವಾಗಿ ಬಟ್ಟೆಯನ್ನು ತಿರುವಿ ನೋಡಿದರೂ ಮುಂಬದಿಯ ಚಿತ್ತಾರವೇ ಹಿಂಬದಿಯಲ್ಲೂ ಕಾಣುತ್ತದೆ. ನೇಗಿ ಮತ್ತು ಮೆಂತಿಯಲ್ಲಿ ಹಿಂಬದಿ ಬೇರೆಯಾಗಿರುತ್ತದೆ. ಆದರೆ ಅವು ಹಾಗಿಲ್ಲವೆಂದು ಯಾರೂ ಸೋಗು ಹಾಕುವುದಿಲ್ಲ.

ಈ ಕೆಲಸದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿಂದಿರುಗುವ ದಾರಿಯನ್ನು ಮೊದಲೇ ಮನಸ್ಸಿನಲ್ಲಿ ಕಾಣದೆ ಹೊರಟರೆ ಸೂಜಿ ನಡುವೆ ಸಿಕ್ಕಿಬೀಳುತ್ತದೆ; ಹೊರಟ ಸ್ಥಳಕ್ಕೆ ಬಂದು ಸೇರುವುದಿಲ್ಲ. ಆಗ ಹಾಕಿದ್ದನ್ನೆಲ್ಲ ಬಿಚ್ಚಬೇಕು. ಎಲ್ಲಿಗೆ ಹೋಗಬೇಕೆಂಬುದರ ಜೊತೆಗೆ ಹೇಗೆ ಮರಳಬೇಕೆಂಬುದನ್ನೂ ಬಲ್ಲವಳೇ ನುರಿತ ಕಸೂತಿಗಾರ್ತಿ.

ಈಗ ವ್ಯಾಪಾರಿಯ ಮಾತಿಗೆ ಬರೋಣ. ಯಂತ್ರವು ಪಾಪವಲ್ಲ. 1863ರಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ಎಂಬಾತ ಲಾಳಿಯುಳ್ಳ ಕಸೂತಿ ಯಂತ್ರವನ್ನು ರೂಪಿಸಿದಂದಿನಿಂದ ಅಲಂಕಾರದ ಬಟ್ಟೆಯು ಸಾಮಾನ್ಯ ಜನರ ಕೈಗೂ ಎಟುಕುವಂತಾಯಿತು. ಬಡವನ ಮಗಳು ತನ್ನ ಮದುವೆಯಲ್ಲಿ ಯಂತ್ರದ ಕಸೂತಿಯ ಸೀರೆ ಉಟ್ಟರೆ ಅದರಲ್ಲಿ ಯಾವ ಅಗೌರವವೂ ಇಲ್ಲ. ಯಂತ್ರದ ಕೆಲಸವನ್ನು ಯಂತ್ರದ ಕೆಲಸವೆಂದೇ ಹೇಳಿ ಮಾರುವವನು ಪ್ರಾಮಾಣಿಕನೇ. ತಪ್ಪಿರುವುದು ಚೀಟಿಯಲ್ಲಿ. ಕೈಕಸೂತಿಯೆಂದು ನಂಬಿ ಹೆಚ್ಚು ಹಣ ಕೊಡುವವರು ಚಿತ್ತಾರಕ್ಕಷ್ಟೇ ಕೊಡುವುದಿಲ್ಲ, ಒಬ್ಬ ಹೆಣ್ಣುಮಗಳ ಹಲವು ದಿನಗಳ ಬಾಳಿಗೂ ಬೆಲೆ ಕೊಡುತ್ತಾರೆ. ಆ ದಿನಗಳನ್ನು ಯಾರೂ ಬಾಳಲೇ ಇಲ್ಲವೆಂದಾದರೆ, ಅದು ವಂಚನೆ. ಕೊಂಡವರಿಗೆ ಮೋಸವಾಗುವಂತೆಯೇ, ನಿಜವಾಗಿ ಕಣ್ಣು ಸವೆಸುವ ಮತ್ತೊಬ್ಬಳ ದುಡಿಮೆಯೂ ಅಗ್ಗವಾಗುತ್ತದೆ. ಇಂಥ ದುರುಪಯೋಗವನ್ನು ತಡೆಯಲೆಂದೇ 1999ರಲ್ಲಿ ಭೌಗೋಳಿಕ ಸೂಚಕಗಳ ಕಾಯ್ದೆ ಬಂದಿತು. ನಮ್ಮ ಕಸೂತಿಯೂ ಅದರಡಿ ನೋಂದಣಿ ಪಡೆದಿದೆ. ಆದರೆ ಎಲ್ಲ ಮನೆಗಳ ಮುಂಗೋಣೆಗೂ ಕಾಯ್ದೆ ಬಂದು ಕಾವಲು ಕೂರದು. ಅಲ್ಲಿ ಕಾವಲಿರಬೇಕಾದುದು ಅಂತಃಕರಣವೇ.

ಇಷ್ಟನ್ನು ಹೇಳಿ ಸಹೋದರಿಯನ್ನು ಕಳುಹಿಸಿಬಿಡಬಹುದಿತ್ತು. ಆದರೆ ಸತ್ಯವಂತಳಾಗಿರು ಎಂದು ಉಪದೇಶಿಸುವುದು ಸುಲಭ. ಸತ್ಯಕ್ಕೆ ತಗಲುವ ಖರ್ಚನ್ನು ಲೆಕ್ಕಹಾಕುವುದು ಕಷ್ಟ. ಆದುದರಿಂದ ಇಬ್ಬರೂ ಕುಳಿತು ಲೆಕ್ಕ ಬರೆದೆವು. ಒಂದು ಸೆರಗಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಆಕೆ ಎಂದೂ ಬರೆದಿಟ್ಟವರಲ್ಲ. ನೆನಪಿನಿಂದ ಕೂಡಿಸಿದಾಗ 90 ಗಂಟೆ ಬಂದಿತು. ಅದಕ್ಕೆ ಕೆಲಸದವರಿಗೆ ಕೊಡುತ್ತಿದ್ದುದು 1,800 ರೂಪಾಯಿ. ಅಂದರೆ ಗಂಟೆಗೆ 20 ರೂಪಾಯಿ! ಆ ಅಂಕಿಯನ್ನು ಕಂಡು ಆಕೆ ಬಹಳ ಹೊತ್ತು ಮಾತನಾಡಲಿಲ್ಲ. “ಅವರೂ ಒಪ್ಪಿಕೊಂಡ ಬಂದಾರ್ರಿ” ಎಂದಷ್ಟೇ ಕೊನೆಗೆ ಹೇಳಿದರು.

1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಶ್ರಮಿಕರ ಕುರಿತು ಬರೆದ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರವು ಈ ಮಾತನ್ನೇ ಎದುರಿಸುತ್ತದೆ. ಇಬ್ಬರೂ ಒಪ್ಪಿದ ಮಾತ್ರಕ್ಕೆ ಕೂಲಿಯು ನ್ಯಾಯವಾಗುವುದಿಲ್ಲ, ಬೇರೆ ದಾರಿಯಿಲ್ಲದೆ ಒಪ್ಪಿಕೊಂಡದ್ದು ಮುಕ್ತವಾದ ಒಪ್ಪಿಗೆಯಲ್ಲ ಎಂಬುದು ಅದರ ಬೋಧನೆ. ಇದನ್ನು ನಾನು ಗುರುಮಠದಲ್ಲಿ ಓದಿದ್ದೆ, ಪ್ರವಚನಗಳಲ್ಲಿ ಹೇಳಿಯೂ ಇದ್ದೆ. ಆದರೆ ಆ ಸಂಜೆ ಅದು ನನ್ನನ್ನೇ ಚುಚ್ಚಿತು. ಹಿಂದಿನ ವರ್ಷದ ಪಾಲಕ ಸಂತರ ಹಬ್ಬಕ್ಕೆ ಬಲಿಪೀಠದ ವಸ್ತ್ರವನ್ನು ಇದೇ ಸಹೋದರಿಯಿಂದ ಮಾಡಿಸಿದ್ದೆವು. “ದೇವರ ಕೆಲಸವಲ್ಲವೇ ತಾಯಿ, ಸ್ವಲ್ಪ ಕಡಿಮೆ ಮಾಡಿ” ಎಂದು ಚೌಕಾಶಿ ಮಾಡಿದವನು ನಾನೇ. ಕಡಿಮೆಯಾದ ಆ ಹಣ ದೇವರಿಗೆ ಉಳಿತಾಯವಾಗಿರಲಿಲ್ಲ. ಸೂಜಿ ಹಿಡಿದವರ ಕೂಲಿಯಿಂದ ಮುರಿದದ್ದಾಗಿತ್ತು. ಆ ಬಾಕಿಯನ್ನು ಮರುದಿನ ತೀರಿಸಿದೆ. ಹೀಗೆ ಬರೆಯುವುದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ವ್ಯಾಪಾರಿಯತ್ತ ಬೆರಳು ತೋರುವ ಮುನ್ನ ಹೇಳಲೇಬೇಕಾದ ಮಾತಿದು.

ಲೆಕ್ಕವು ಇನ್ನೊಂದು ಸಂಗತಿಯನ್ನೂ ತಿಳಿಸಿತು. ದಿನಕ್ಕೆ ಆರು ಗಂಟೆ ಕೆಲಸವೆಂದರೆ ಒಬ್ಬಳಿಗೆ ಒಂದು ಸೆರಗಿಗೆ 15 ದಿನ ಬೇಕು. ಎರಡು ತಿಂಗಳಲ್ಲಿ ಏಳು ಮಂದಿಯಿಂದ 28 ಸೆರಗುಗಳು. ಅದೂ ಯಾರ ಮನೆಯಲ್ಲೂ ಜ್ವರ, ಹಬ್ಬ, ಮದುವೆ ಬಾರದಿದ್ದರೆ. ಆಕೆ ವ್ಯಾಪಾರಿಗೆ 25 ಕೊಡುವೆನೆಂದೂ ಗಂಟೆಗೆ 50 ರೂಪಾಯಿಯಂತೆ ಕೂಲಿ ಸೇರಿಸಿ ಬೆಲೆ ಕಟ್ಟುವೆನೆಂದೂ ತಿಳಿಸಿದರು. ಆತ ಫೋನ್ ಇಟ್ಟವನು ಮರಳಿ ಕರೆ ಮಾಡಲಿಲ್ಲ.

ಕೆಲಸ ಕೈತಪ್ಪಿದ ಆ ದಿನಗಳಲ್ಲೇ ಎರಡನೆಯ ಪ್ರಶ್ನೆಗೆ ಉತ್ತರ ಮೂಡತೊಡಗಿತು. ಗಂಟೆಗೆ 50 ರೂಪಾಯಿ ಎಂದರೆ ಒಂದು ಸೆರಗಿಗೆ ಕೂಲಿಯೇ 4,500 ರೂಪಾಯಿ. ಅಂಥ ಸೀರೆಯನ್ನು ಕೊಳ್ಳುವವರು ವಿರಳ. ಹಾಗಾದರೆ ಅಷ್ಟು ಗಂಟೆಗಳನ್ನು ಬೇಡದ, ಆದರೆ ಕೈಗೆಲಸದ ಹಿರಿಮೆಯನ್ನು ಬಿಟ್ಟುಕೊಡದ ವಸ್ತು ಯಾವುದು? ಏಳೂ ಮಂದಿ ಕೂಡಿ ಯೋಚಿಸಿದರು. ದುಪಟ್ಟಾ ಮತ್ತು ಶಾಲುಗಳ ಅಂಚು ಎಂದು ಒಬ್ಬಳು ಸೂಚಿಸಿದಳು. ಅದಕ್ಕೆ ಆಕೆ ಕೊಟ್ಟ ಕಾರಣ ಸೊಗಸಾಗಿತ್ತು. ಸೆರಗಿನ ಹಿಂಬದಿಯನ್ನು ನೋಡುವವರು ಕಡಿಮೆ, ಆದರೆ ಹೆಗಲ ಮೇಲಿನ ಶಾಲು ಗಾಳಿಗೆ ತಿರುಗಿ ಎರಡೂ ಬದಿಯನ್ನು ತೋರಿಸುತ್ತದೆ. ಗವಂತಿ ಮತ್ತು ಮುರ್ಗಿ ಅದಕ್ಕೆಂದೇ ಹುಟ್ಟಿದಂತಿವೆ. ಯಂತ್ರದ ಕೆಲಸದ ಹಿಂಬದಿಯಲ್ಲಿ ಅಡಿದಾರ ಬೇರೆಯೇ ಕಾಣುತ್ತದೆ. ಮರೆಮಾಚಬೇಕಾದುದೇನೂ ಇಲ್ಲದ ವಸ್ತುವನ್ನು ಹುಡುಕುತ್ತಾ ಹೋದಾಗ ಅವರಿಗೆ ತಮ್ಮ ಕಲೆಯ ದಿಕ್ಕೇ ಸಿಕ್ಕಿತು. ಕೂಲಿಯ ನ್ಯಾಯವೂ ಚೀಟಿಯ ಸತ್ಯವೂ ಕಲೆಗೆ ಅಡ್ಡಿಯಾಗಲಿಲ್ಲ. ಅವೇ ಕಲೆಗೆ ದಾರಿ ತೋರಿದವು.

ಇನ್ನು ಚಿತ್ತಾರದ ಮಾತು. ಹೊಸತೆಂದರೆ ಯಾರೂ ಕಾಣದ್ದನ್ನು ಶೂನ್ಯದಿಂದ ತರುವುದೆಂದು ನಾವು ತಿಳಿಯುತ್ತೇವೆ. ಶೂನ್ಯದಿಂದ ಸೃಷ್ಟಿಸುವವನು ದೇವರೊಬ್ಬನೇ. ಮನುಷ್ಯನು ತನಗೆ ಸಿಕ್ಕಿದ್ದರಿಂದ ಮಾಡುತ್ತಾನೆ. ಗೋಪುರ, ತೇರು, ಪಲ್ಲಕ್ಕಿ, ಆನೆ, ನವಿಲು, ತುಳಸಿ ಕಟ್ಟೆ - ಕಸೂತಿಯ ಈ ಹಳೆಯ ಚಿತ್ತಾರಗಳಿಗೆ ಯಾರ ಸಹಿಯೂ ಇಲ್ಲ. ಆ ಹೆಣ್ಣುಮಕ್ಕಳು ತಮ್ಮ ಅಂಗಳದಲ್ಲಿ, ತಮ್ಮ ಊರಿನ ಜಾತ್ರೆಯಲ್ಲಿ ಕಂಡದ್ದನ್ನೇ ಎಳೆಗಳಿಗೆ ಇಳಿಸಿದರು. ನೆರೆಮನೆಯ ಆಯಿ ಇದನ್ನೇ ತಮ್ಮ ಮಾತಿನಲ್ಲಿ ಹೇಳಿದರಂತೆ: “ಅವರು ಕಂಡದ್ದ ಅವರು ಹಾಕ್ಯಾರ. ನೀ ಏನ ಕಂಡೀ, ಅದನ್ನ ಹಾಕವ್ವಾ.”

ಸಹೋದರಿಯ ತಂದೆ ಹತ್ತಿಯ ಹೊಲಗಳಲ್ಲಿ ಕೂಲಿ ಮಾಡಿದವರು. ಆಕೆ ಅರಳಿದ ಹತ್ತಿಯ ಕಾಯನ್ನು ಕಸೂತಿಗೆ ಇಳಿಸಲು ಕುಳಿತರು. ಕಾಯಿ ದುಂಡಗೆ, ಎಳೆ ಎಣಿಸಿ ಹಾಕುವ ಹೊಲಿಗೆಗೆ ನೇರ, ಅಡ್ಡ, ಓರೆ ಗೆರೆಗಳಷ್ಟೇ ಗೊತ್ತು. ಮೂರು ಬಾರಿ ಹಾಕಿ ಮೂರು ಬಾರಿ ಬಿಚ್ಚಿದರು. ನಾಲ್ಕನೆಯ ಬಾರಿ ಅದು ಎಂಟು ಮೂಲೆಗಳ ಹೂವಿನಂತಾಗಿ ನಿಂತಿತು. ಸೂಜಿಯೂ ಹೊರಟಲ್ಲಿಗೇ ಬಂದು ಸೇರಿತು. ಫೋನಿನ ಪರದೆಯಲ್ಲಿ ಸಿಗದೆ ಹೋದ ‘ನಂದು’ ಎಂಬುದು ಆಕೆಗೆ ತಂದೆಯ ಹೊಲದ ನೆನಪಿನಲ್ಲಿಯೂ ಬಟ್ಟೆಯ ಕಟ್ಟುನಿಟ್ಟಿನಲ್ಲಿಯೂ ಸಿಕ್ಕಿತು. ಇತರರ ಕೆಲಸ ನೋಡುವುದು ತಪ್ಪಲ್ಲ, ಕಲಿಕೆಯೇ ಹಾಗೆ. ಆದರೆ ನೋಡಿದ್ದನ್ನು ತನ್ನ ಬಾಳಿನೊಂದಿಗೆ ಹೋಲಿಸದೆ ಹಾಕಿದರೆ ಕೈಗೆ ಕೆಲಸ ಸಿಗುತ್ತದೆಯೇ ಹೊರತು ಮನಸ್ಸಿಗೆ ನೆಲೆ ಸಿಗದು.

ಪವಿತ್ರ ಗ್ರಂಥದ ವಿಮೋಚನಾಕಾಂಡದಲ್ಲಿ ದೇವದರ್ಶನದ ಗುಡಾರವನ್ನು ಸಿದ್ಧಪಡಿಸಿದ ಬೆಚಲೇಲ ಮತ್ತು ಒಹೊಲೀಯಾಬ ಎಂಬ ಕುಶಲಕರ್ಮಿಗಳ ವೃತ್ತಾಂತವಿದೆ. ಒಹೊಲೀಯಾಬನು ಕಸೂತಿಯಲ್ಲಿ ನಿಪುಣ. ಅವರ ಕೈಚಳಕವು ದೇವರ ವರವೆಂದು 35ನೆಯ ಅಧ್ಯಾಯ ಹೇಳುತ್ತದೆ. ಇತರರಿಗೆ ಕಲಿಸುವ ಶಕ್ತಿಯನ್ನೂ ಅದೇ ವರದೊಳಗೆ ಸೇರಿಸುತ್ತದೆ. ಕೈಯಿಂದ ನೂಲು ತೆಗೆದ ಸ್ತ್ರೀಯರನ್ನೂ ಅದು ಮರೆತಿಲ್ಲ. ವರವು ಒಬ್ಬರಲ್ಲೇ ನಿಂತರೆ ಅದು ಅರ್ಧ. ನಮ್ಮ ಕಾಲದಲ್ಲಿ, 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಮೊದಲ ಅಧ್ಯಕ್ಷರಾಗಿ, ಕುಶಲಕರ್ಮಿಗಳ ಕಲೆಯನ್ನೂ ಅವರ ಜೀವನೋಪಾಯವನ್ನೂ ಬೇರ್ಪಡಿಸದೆ ಕಂಡವರು. ಮಾಡುವವರ ಹೊಟ್ಟೆ ತುಂಬದಿದ್ದರೆ ಕಲೆಯು ಮುಂದಿನ ತಲೆಮಾರಿಗೆ ದಾಟುವುದೆಂತು?

ಈ ಕಥೆಗೆ ಸುಖಾಂತ್ಯವನ್ನು ಕಟ್ಟಲಾರೆ. ಏಳು ಮಂದಿಯಲ್ಲಿ ಇಬ್ಬರು ತಿಂಗಳ ಸಂಬಳದ ಆಸರೆ ಬೇಕೆಂದು ಸಿದ್ಧ ಉಡುಪಿನ ಕಾರ್ಖಾನೆಗೆ ಹೋದರು. ಅವರನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಉಳಿದ ಐವರ ಕೈಯಲ್ಲಿ ಹತ್ತಿಯ ಕಾಯಿಯ ಶಾಲುಗಳು ನಿಧಾನವಾಗಿ ಮಾರಾಟವಾಗುತ್ತಿವೆ. ಕೆಲವು ತಿಂಗಳು ಕೈ ಬಿಗಿಯಾಗಿರುತ್ತದೆ. ಪ್ರತಿ ಶಾಲಿಗೂ ಈಗ ಒಂದು ಚೀಟಿಯಿದೆ. ಎಷ್ಟು ಗಂಟೆಗಳ ಕೆಲಸ, ಯಾವ ಹೊಲಿಗೆ ಎಂದು ಅದರಲ್ಲಿ ಬರೆದಿರುತ್ತದೆ.

ಪ್ರಿಯ ಕುಟುಂಬಗಳೇ, ಮಗಳ ಮದುವೆಗೋ ಹಬ್ಬಕ್ಕೋ ಕೈಗೆಲಸದ ಬಟ್ಟೆಯನ್ನು ಕೊಳ್ಳುವಾಗ ಎರಡು ಪ್ರಶ್ನೆಗಳನ್ನು ಕೇಳಿರಿ: ಇದನ್ನು ಮಾಡಿದವರು ಯಾರು? ಅವರಿಗೆ ದೊರೆತದ್ದೆಷ್ಟು? ಬೆಲೆ ನಿಮ್ಮ ಶಕ್ತಿಗೆ ಮೀರಿದ್ದಾದರೆ ಕೊಳ್ಳದಿರುವುದು ತಪ್ಪಲ್ಲ. ಆದರೆ ಚೌಕಾಶಿಯಿಂದ ಅವರ ಗಂಟೆಗಳನ್ನು ಕಸಿಯಬೇಡಿರಿ. ನಿಮ್ಮ ಮನೆಯಲ್ಲೇ ಸೂಜಿ ಹಿಡಿದವರಿದ್ದರೆ ಅವರ ದುಡಿಮೆಯ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿರಿ. ಕೊನೆಗೆ, ಬಟ್ಟೆಯನ್ನು ಒಮ್ಮೆ ತಿರುವಿ ಹಿಂಬದಿಯನ್ನೂ ನೋಡಿರಿ. ಹಾಗೆ ನೋಡುವಾಗ, ನಮ್ಮ ಸ್ವಂತ ದುಡಿಮೆಯನ್ನೂ ಯಾರಾದರೂ ಹೀಗೆ ತಿರುವಿ ನೋಡಿದರೆ ಅಲ್ಲಿ ಏನು ಕಂಡೀತೆಂದು ನಾವೆಲ್ಲರೂ ಒಂದು ಕ್ಷಣ ಯೋಚಿಸುವುದು ಒಳ್ಳೆಯದು. ಈ ಬಲಿಪೀಠದ ಸೇವಕನೂ ಅದಕ್ಕೆ ಹೊರತಲ್ಲ.