ಗೋಡೆಯ ಮೇಲೆ ಗೀಚುವ ಮಗ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಯಾವುದಾದರೂ ಒಂದು ಕ್ರೈಸ್ತ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ತಂದೆಗೆ ನಾಲ್ಕು ಎಕರೆ ತೊಗರಿ ಹೊಲ. ಮಗ ಪಿಯುಸಿ ಮುಗಿಸಿದ್ದಾನೆ. ಅಣ್ಣಂದಿರು ದುಡಿಯಲು ಮುಂಬೈ, ಪುಣೆ ಸೇರಿದ್ದಾರೆ. ಇವನು ಮಾತ್ರ ಊರಲ್ಲೇ ಉಳಿದು, ಗುರುಗಳ ಸಂಗಡ ಹಳ್ಳಿ ಹಳ್ಳಿ ತಿರುಗಿ, ಧರ್ಮೋಪದೇಶದ ತರಗತಿಗೆ ಚಿತ್ರ ಬರೆಯುತ್ತಾನೆ. ಕುಡಿತದ ವಿರುದ್ಧ ಗೋಡೆಯ ಮೇಲೆ ವ್ಯಂಗ್ಯಚಿತ್ರ ಬಿಡಿಸುತ್ತಾನೆ. ಜನ ನಿಂತು ನೋಡುತ್ತಾರೆ, ನಗುತ್ತಾರೆ. ಮನೆಗೆ ಬಂದರೆ ತಾಯಿಯ ಮಾತು ಒಂದೇ: “ಇದ್ರಾಗ ಹೊಟ್ಟಿ ತುಂಬ್ತದೇನೋ ತಮ್ಮಾ?”

ತಾಯಿಯ ಪ್ರಶ್ನೆಯಲ್ಲಿ ತಪ್ಪಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರು? ಮಗನೊಬ್ಬನೇ ಅಲ್ಲ, ನಾವೂ ಕೊಡಬೇಕು. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ: ಜನರನ್ನು ನಗಿಸುವ ಚಿತ್ರ ದೇವರ ಸೇವೆ ಆದೀತೇ?

ಶುಭಸಂದೇಶವನ್ನು ತೆರೆದು ನೋಡೋಣ. ತನ್ನ ಕಣ್ಣಲ್ಲಿ ತೊಲೆಯನ್ನೇ ಇಟ್ಟುಕೊಂಡು ತಮ್ಮನ ಕಣ್ಣಿನ ಕಸ ತೆಗೆಯಲು ಹೊರಟ ಮನುಷ್ಯ. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವ ಧರ್ಮಶಾಸ್ತ್ರಿ. ಸೂಜಿಯ ಕಣ್ಣಿನಲ್ಲಿ ನುಸುಳಲು ನೋಡುವ ಒಂಟೆ. ಕಣ್ಣು ಮುಚ್ಚಿ ಇವನ್ನು ಕಲ್ಪಿಸಿಕೊಳ್ಳಿ. ಇವು ವ್ಯಂಗ್ಯಚಿತ್ರಗಳಲ್ಲದೆ ಮತ್ತೇನು? ಗಲಿಲೇಯದ ರೈತರು, ಬೆಸ್ತರು ಇದನ್ನು ಕೇಳಿ ನಕ್ಕಿರಬೇಕು. ನಕ್ಕ ಮೇಲೆ ಮನೆಗೆ ಹೋಗಿ, ಆ ತೊಲೆ ನನ್ನ ಕಣ್ಣಲ್ಲೇ ಇದೆಯೋ ಏನೋ ಎಂದು ಮುಟ್ಟಿ ನೋಡಿಕೊಂಡಿರಬೇಕು. ಪ್ರಭು ಯೇಸು ಮಾತಿನಲ್ಲಿ ಚಿತ್ರ ಬರೆದರು. ನಮ್ಮ ಹುಡುಗ ಕುಂಚದಲ್ಲಿ ಬರೆಯುತ್ತಾನೆ.

ಧರ್ಮಸಭೆಗೆ ಇದು ಹೊಸತಲ್ಲ. ಸುಮಾರು 600ನೇ ಇಸವಿಯಲ್ಲಿ ಮಾರ್ಸೆ ಪಟ್ಟಣದ ಧರ್ಮಾಧ್ಯಕ್ಷರು, ಜನ ಚಿತ್ರಗಳನ್ನೇ ಪೂಜಿಸುತ್ತಿದ್ದಾರೆಂದು ಅವನ್ನು ಒಡೆಸಿದಾಗ, ಜಗದ್ಗುರು ಮಹಾ ಗ್ರೆಗೋರಿಯವರು ಅವರಿಗೆ ಪತ್ರ ಬರೆದು ತಿದ್ದಿದರು. ಚಿತ್ರವನ್ನು ಪೂಜಿಸಬಾರದು, ನಿಜ. ಆದರೆ ಒಡೆಯಲೂಬಾರದು, ಏಕೆಂದರೆ ಅಕ್ಷರ ಬಾರದವರು ಗೋಡೆಯ ಮೇಲೆ ಓದುತ್ತಾರೆ ಎಂಬುದು ಅವರ ಮಾತಿನ ಸಾರ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಅಕ್ಷರಸ್ಥರು ನೂರಕ್ಕೆ ಸುಮಾರು 65 ಮಂದಿ. ಮೇಲಾಗಿ ನಮ್ಮದು ಗಡಿನಾಡು. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಕೇಳಿಬರುತ್ತವೆ. ಚಿತ್ರ ಯಾವ ಭಾಷೆಯ ಹೊಸ್ತಿಲಲ್ಲೂ ಎಡವುವುದಿಲ್ಲ.

ನಮ್ಮ ನಾಡಿನಲ್ಲೇ ಒಂದು ಉದಾಹರಣೆ ಇದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದವರು ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಅಂತೋನಿಯೋ ಮೊಸ್ಕೆನಿ. 1899ರಿಂದ 1901ರ ತನಕ ಆ ಕೆಲಸ ನಡೆಯಿತು. ಅವರು ಗುರುಗಳಲ್ಲ, ಬ್ರದರ್. ಪೀಠದಲ್ಲಿ ನಿಂತು ಬಲಿಪೂಜೆ ಅರ್ಪಿಸಿದವರಲ್ಲ, ಏಣಿಯ ಮೇಲೆ ನಿಂತು ದುಡಿದವರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಆ ಕಾಲದ ಎಷ್ಟೋ ಪ್ರಬೋಧನೆಗಳು ಗಾಳಿಯಲ್ಲಿ ಕರಗಿ ಹೋದವು. ಆ ಬ್ರದರ್ ಅವರ ಪ್ರಬೋಧನೆಯನ್ನು ಜನ ಇಂದಿಗೂ ತಲೆಯೆತ್ತಿ ನೋಡುತ್ತಾರೆ.

ಇನ್ನೊಬ್ಬರು ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡ. 1926ರಲ್ಲಿ ಹುಟ್ಟಿದ ಗೋವಾದ ಕಥೋಲಿಕ ಮನೆತನದ ಮಗ. ಬೆಂಗಳೂರಿನ ಸಂತ ಜೋಸೆಫರ ಶಾಲೆಯಲ್ಲಿ ಓದಿದವರು. ಬಾಲಕನಾಗಿದ್ದಾಗ ಮನೆಯ ಗೋಡೆಯ ಮೇಲೆಲ್ಲಾ ಗೀಚುತ್ತಿದ್ದರು. ತಾಯಿ ಅದನ್ನು ಕಂಡು ಮಗನ ಕೈಗೆ ಒಂದು ಖಾಲಿ ಪುಸ್ತಕ ಕೊಟ್ಟರು. ಶಾಲೆಯಲ್ಲಿ ಗುರುಗಳ ಚಿತ್ರ ಬರೆದು ಪೇಚಿಗೆ ಸಿಕ್ಕಿದ್ದೂ ಉಂಟು. ಮುಂದೆ ಅವರು ದೇಶವೇ ಬಲ್ಲ ಕಲಾವಿದರಾದರು. 2011ರಲ್ಲಿ ತೀರಿಕೊಂಡ ಮರುವರ್ಷ ಅವರಿಗೆ ಪದ್ಮವಿಭೂಷಣ ಸಂದಿತು. ಅವರು ದುಡಿದದ್ದು ಪತ್ರಿಕೆಗಳಲ್ಲಿ, ಧರ್ಮಸಭೆಯ ಸೇವಾಕಾರ್ಯದಲ್ಲಲ್ಲ. ಆದರೂ ಆ ತಾಯಿಯನ್ನು ಇಲ್ಲಿ ನೆನೆಯುತ್ತೇನೆ. ಗೋಡೆ ಹಾಳಾಯಿತೆಂದು ಕೈಗೆ ಹೊಡೆಯಬಹುದಿತ್ತು. ಆಕೆ ಪುಸ್ತಕ ಕೊಟ್ಟರು.

ಈಗ ಚಿತ್ರ ಬರೆಯುವ ಯುವಕರೊಡನೆ ಒಂದೆರಡು ಮಾತು. ತಮ್ಮಾ, ನಿನಗೆ ದೇವರು ಕೊಟ್ಟಿರುವುದು ಇನ್ನೊಬ್ಬರ ಕೊಂಕನ್ನು ಥಟ್ಟನೆ ಕಾಣುವ ಕಣ್ಣು. ಇದು ವರವೂ ಹೌದು, ಅಪಾಯವೂ ಹೌದು. ಊರ ಗೌಡನ ಮೀಸೆ, ಸಾಲ ಕೊಟ್ಟವನ ಹೊಟ್ಟೆ, ಗುರುಗಳ ನಡಿಗೆ ಎಲ್ಲವೂ ನಿನ್ನ ಕಣ್ಣಿಗೆ ಬೀಳುತ್ತವೆ. ನಾಲ್ಕು ಗೆರೆ ಎಳೆದರೆ ಹತ್ತು ಜನ ನಗುತ್ತಾರೆ. ಆ ನಗುವಿನ ರುಚಿ ಹತ್ತಿದರೆ ಯಾರನ್ನು ನೋಯಿಸಿದೆ ಎಂಬ ಅರಿವು ಹೋಗುತ್ತದೆ.

ಪ್ರಭುವಿನ ಮಾತಿನ ಪೆಟ್ಟು ಬಿದ್ದದ್ದು ಯಾರ ಮೇಲೆ, ನೋಡು. ತಮ್ಮನ್ನು ದೊಡ್ಡವರೆಂದುಕೊಂಡವರ ಮೇಲೆ. ಆದರೆ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಎಳೆತಂದು ಎದುರಿಗೆ ನಿಲ್ಲಿಸಿದಾಗ ಅವರು ಏನು ಮಾಡಿದರು? ಬಗ್ಗಿ, ಬೆರಳಿನಿಂದ ನೆಲದ ಮೇಲೆ ಬರೆದರು. ಏನು ಬರೆದರೆಂದು ಸಂತ ಯೊವಾನ್ನರು ಹೇಳಿಲ್ಲ. ಆದರೆ ಆ ಬೆರಳು ಆಕೆಯ ಮಾನವನ್ನು ಬೀದಿಗೆ ಬಿಡಿಸಲಿಲ್ಲ ಎಂಬುದಂತೂ ನಮಗೆ ಗೊತ್ತು. ಕಲ್ಲು ಹಿಡಿದವರ ಕೈ ಸಡಿಲಾಯಿತು, ಹೆಂಗಸು ಬದುಕಿ ಮನೆಗೆ ಹೋದಳು.

ನಿನ್ನ ಕುಂಚಕ್ಕೆ ಅದೇ ಅಳತೆ. ಕುಡಿತದ ಚಿತ್ರ ಬರೆಯುವಾಗ ಚರಂಡಿಯಲ್ಲಿ ಬಿದ್ದವನನ್ನು ನೋಡಿ ನಗುವಂತೆ ಬರೆಯಬೇಡ. ಅವನ ಮಕ್ಕಳೂ ಆ ಗೋಡೆಯ ಮುಂದೆ ಹಾದು ಶಾಲೆಗೆ ಹೋಗುತ್ತಾರೆ. ಅವನ ಕೂಲಿಯನ್ನು ಎಣಿಸಿಕೊಳ್ಳುವ ಕೈಯನ್ನು ಬರೆ. ಅನ್ಯರ ಭಕ್ತಿಯನ್ನು ಗೇಲಿ ಮಾಡಬೇಡ. ಆಳಂದದಲ್ಲಿ ಲಾಡ್ಲೆ ಮಶಾಯಖರ ದರ್ಗಾ ಇದೆ, ಅಫಜಲಪುರ ತಾಲ್ಲೂಕಿನಲ್ಲಿ ಗಾಣಗಾಪುರದ ದತ್ತ ಕ್ಷೇತ್ರವಿದೆ. ಅಲ್ಲಿಗೆ ಹೋಗುವವರೊಂದಿಗೆ ನಾವು ಒಂದೇ ಸಂತೆಯಲ್ಲಿ ಜೋಳ ಕೊಳ್ಳುತ್ತೇವೆ. ಒಂದು ಗೆರೆ ತಪ್ಪಿದರೆ ಒಡೆಯುವುದು ಕೇವಲ ಸ್ನೇಹವಲ್ಲ, ಊರೇ ಒಡೆದೀತು. ತೊಲೆಯ ಚಿತ್ರ ಬರೆಯುವ ದಿನ, ಮೊದಲು ಕನ್ನಡಿ ನೋಡಿಕೋ. ತನ್ನನ್ನು ನೋಡಿ ತಾನೇ ನಗಬಲ್ಲವನಿಗೆ ಮಾತ್ರ ಇತರರನ್ನು ತಿದ್ದುವ ಹಕ್ಕು.

ಹೆತ್ತವರೇ, ಧರ್ಮಕೇಂದ್ರದ ಹಿರಿಯರೇ, ತಾಯಿಯ ಆ ಪ್ರಶ್ನೆ ಈಗ ನಮ್ಮ ಮುಂದಿದೆ. ಹಾಡುವವರನ್ನು, ಪಾಠ ಹೇಳುವವರನ್ನು ನಾವು ಗೌರವಿಸುತ್ತೇವೆ. ಚಿತ್ರ ಬರೆಯುವವನಿಗೆ ಮಾತ್ರ, “ದೇವರ ಕೆಲಸ ತಾನೇ, ಬರೆದುಕೊಡು” ಎಂದು ಬಣ್ಣದ ಖರ್ಚನ್ನೂ ಅವನ ಮೇಲೇ ಹಾಕುತ್ತೇವೆ. ದುಡಿದವನು ಕೂಲಿಗೆ ಅರ್ಹನೆಂದು ಪ್ರಭುವೇ ಹೇಳಿದ್ದಾರೆ. ತೊಗರಿ ರಾಶಿಯಾದಾಗ ಹೊಲದ ಆಳಿಗೆ ಅಳೆದು ಕೊಡುವ ನಾವು ಇವನಿಗೇಕೆ ಬರಿಗೈ ತೋರಿಸಬೇಕು? ವಿಮೋಚನಕಾಂಡದಲ್ಲಿ ದೇವರು ಬೆಚಲೇಲನೆಂಬ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆದು, ತಮ್ಮ ಆತ್ಮದಿಂದ ತುಂಬಿದರು. ಚಿನ್ನ, ಬೆಳ್ಳಿ, ಮರದ ಕೆಲಸಕ್ಕಾಗಿ! 1999ರ ಪಾಸ್ಖ ಹಬ್ಬದಂದು ಜಗದ್ಗುರು ಎರಡನೇ ಜಾನ್ ಪಾಲರು ಕಲಾವಿದರಿಗೆಂದೇ ಒಂದು ಪತ್ರ ಬರೆದರು. ದೇವರಿಗೂ ಧರ್ಮಸಭೆಗೂ ಅವರು ಬೇಕಾದವರು. ನಮಗೆ ಬೇಡವಾದರೆ ಹೇಗೆ?

ಧಣಿ ಕೊಟ್ಟ ಹಣವನ್ನು ಆಳು ಭಯದಿಂದ ಮಣ್ಣಿನಲ್ಲಿ ಹೂತಿಟ್ಟ ಕಥೆ ನಮಗೆ ಗೊತ್ತು. ಕೆಲವೊಮ್ಮೆ ಮಗನಿಗೆ ಸಿಕ್ಕ ವರವನ್ನು ಹೂಳುವವರು ಹೆತ್ತವರೇ ಆಗುತ್ತಾರೆ. ಅದೂ ಭಯದಿಂದಲೇ, ಪ್ರೀತಿಯಿಂದಲೇ. ಅವನು ಬೇರೊಂದು ಉದ್ಯೋಗವನ್ನೂ ಕಲಿಯಲಿ, ಹೊಲವನ್ನೂ ನೋಡಲಿ. ಸಂತ ಪೌಲರು ಗುಡಾರ ಹೊಲಿದು ಶುಭಸಂದೇಶ ಸಾರಲಿಲ್ಲವೇ? ಆದರೆ ಅವನ ಕೈಯಿಂದ ಕುಂಚವನ್ನು ಕಿತ್ತುಕೊಳ್ಳಬೇಡಿ. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋಗುವಾಗ ಅವನಿಗೊಂದು ಖಾಲಿ ಪುಸ್ತಕ ಕೊಂಡುಹೋಗಿ.

ಪ್ರಾರ್ಥಿಸೋಣ: ನೆಲದ ಮೇಲೆ ಬೆರಳಿನಿಂದ ಬರೆದ ಪ್ರಭುವೇ, ನಮ್ಮ ಮಕ್ಕಳ ಕೈಗೆ ಸತ್ಯವನ್ನೂ ಕರುಣೆಯನ್ನೂ ಕೊಡು. ಅವರು ಬರೆದದ್ದನ್ನು ನೋಡಿ ನಾವು ನಗುವಂತೆ, ನಕ್ಕು ತಿದ್ದಿಕೊಳ್ಳುವಂತೆ ಅನುಗ್ರಹಿಸು. ಆಮೆನ್.